ಪಿಯೆತ್ರೊ ಹಿತ್ತಲಿನ ಮೂರು ಬಳ್ಳಿ

ಆಗ ನನಗೆ ಅರವತ್ತೊಂಬತ್ತು. ಈಗ ಅದಕ್ಕೆ ನಾಲ್ಕು ವರ್ಷವಾಯಿತು. ನನ್ನ ಓದು ಎರಡನೇ ಕ್ಲಾಸಿಗೇ ಮುಗಿದದ್ದು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ. ಆದರೆ ದ್ರಾಕ್ಷಿ ಬಳ್ಳಿ ಕತ್ತರಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ತಿಳಿದಿದ್ದೆ. ಚಿಕ್ಕಬಳ್ಳಾಪುರದ ಸುತ್ತ ಕಂಡವರ ತೋಟದಲ್ಲಿ ಮೂವತ್ತೆಂಟು ವರ್ಷ ಅದೇ ಕೂಲಿ ಮಾಡಿದವಳು ನಾನು.

ನಾನಿರುವುದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ, ದೊಡ್ಡ ಮಗಳ ಮನೆಯಲ್ಲಿ. ಅಲ್ಲಿ ಕಾರಿಗೆ ಜಾಗ ಉಂಟು, ಕರಿಬೇವಿಗೆ ಕುಂಡವೇ ಗತಿ. ಆ ವರ್ಷ ಅಕ್ಟೋಬರ್ ಶುರುವಿನಲ್ಲಿ ಚಿಕ್ಕ ಮಗಳು ಮಂಜುಳಾ ಮೆಲ್ಬರ್ನ್‌ಗೆ ಕರೆಸಿಕೊಂಡಳು. ಅವಳಿಗೆ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸ. ರೆಂಟ್ ಕಡಿಮೆ ಅಂತ ದೂರದ ಹಳೇ ಸಬರ್ಬ್‌ನಲ್ಲಿ ಮನೆ ಹಿಡಿದಿದ್ದಳು.

ಪಕ್ಕದ ಮನೆ ಪಿಯೆತ್ರೊ ಅನ್ನುವ ಇಟಲಿಯ ಮುದುಕರದು. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ ಅಂದಳು ಮಂಜುಳಾ. ಬೇಲಿಯ ಮೇಲಿಂದ ನೋಡಿದೆ. ಅವರ ಹಿತ್ತಲಲ್ಲಿ ಮೂರು ದ್ರಾಕ್ಷಿ ಬಳ್ಳಿ, ಯಾರೂ ಕತ್ತರಿಸದೆ ತಲೆ ಕೆದರಿಕೊಂಡು ನಿಂತಿದ್ದವು. ಚಿಗುರು ಹೆಬ್ಬೆರಳಷ್ಟು ಬಂದಿತ್ತು. ನಮ್ಮ ಕಡೆ ಅಕ್ಟೋಬರ್ ಅಂದರೆ ಕಟಿಂಗ್ ತಿಂಗಳು. ಬಳ್ಳಿಯಲ್ಲಿ ಹಸಿರಿದ್ದರೂ ಕತ್ತರಿಸುತ್ತೇವೆ, ಆಮೇಲೆಯೇ ಹೂವು ಬರುವುದು. ಪಾಪ, ಮುದುಕರಿಗೆ ಯಾರೂ ದಿಕ್ಕಿಲ್ಲ ಅಂದುಕೊಂಡೆ. ಮಂಜುಳಾ ಆಫೀಸಿಗೆ ಹೋದ ಮೇಲೆ ಗೇಟು ತಳ್ಳಿಕೊಂಡು ಒಳಗೆ ಹೋದೆ. ಶೆಡ್ಡಿನ ಮೊಳೆಗೆ ಕತ್ತರಿ ನೇತುಹಾಕಿತ್ತು.

ಎರಡು ಬಳ್ಳಿ ಮುಗಿಸಿದೆ. ಒಂದೊಂದು ಕಡ್ಡಿಗೂ ಎರಡೇ ಕಣ್ಣು, ಅಂದರೆ ಚಿಗುರೊಡೆಯುವ ಗಿಣ್ಣು, ಬಿಟ್ಟು ಗಿಡ್ಡಕ್ಕೆ ಕತ್ತರಿಸಿದೆ, ನಮ್ಮ ಕಪ್ಪು ದ್ರಾಕ್ಷಿಗೆ ಮಾಡುವ ಹಾಗೆ. ಕತ್ತರಿಸಿದ ಕಡೆಯೆಲ್ಲ ನೀರು ತೊಟತೊಟ ಸುರಿಯಿತು. ನಮ್ಮಲ್ಲಿ ಅಷ್ಟು ಸುರಿದದ್ದು ನೋಡಿರಲಿಲ್ಲ. ಅಲ್ಲೇ ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ ಹಿಂದಿನಿಂದ ಯಾರೋ ಕಿರುಚಿದರು.

ಪಿಯೆತ್ರೊ! ಅವತ್ತೇ ಮಗ ಕಾರಿನಲ್ಲಿ ಕರೆತಂದು ಬಿಟ್ಟುಹೋಗಿದ್ದನಂತೆ. ಕೋಲು ಊರಿಕೊಂಡು ಬಂದು ನೆಲದ ಮೇಲೆ ಬಿದ್ದ ಚಿಗುರು ನೋಡಿದರು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಜೇಬಿನಿಂದ ಫೋನ್ ತೆಗೆದರು.

ಅವರು ಫೋನ್ ಮಾಡಿದ್ದಕ್ಕೆ ಮಂಜುಳಾ ಅರ್ಧ ದಿನ ರಜೆ ಹಾಕಿ ಓಡಿ ಬಂದಳು.

"ಏನಮ್ಮ ನೀನು! ಕೇಳದೆ ಇನ್ನೊಬ್ಬರ ಹಿತ್ತಲಿಗೆ ಹೋಗ್ತಾರಾ? ಇಲ್ಲಿ ಪೊಲೀಸ್ ಕರೀತಾರೆ!"

"ಕರೀಲಿ ಬಿಡು. ಇದು ಅಕ್ಟೋಬರ್ ಅಲ್ವೇನೇ?"

"ನಿನ್ನ ಚಿಕ್ಕಬಳ್ಳಾಪುರದ ಅಕ್ಟೋಬರ್ ಅಲ್ಲ ಕಣಮ್ಮ! ಇಲ್ಲಿ ಚಳಿಗೆ ಎಲೆಯೆಲ್ಲ ಉದುರಿದ ಮೇಲೆ ಜುಲೈನಲ್ಲೇ ಕತ್ತರಿಸೋದಂತೆ. ನೀನು ಕತ್ತರಿಸಿದ್ದು ಈ ವರ್ಷದ ಹಣ್ಣು."

ಮಿಕ್ಕಿದ್ದನ್ನು ಪಿಯೆತ್ರೊ ಇಂಗ್ಲಿಷಿನಲ್ಲಿ ಹೇಳಿದರು, ಮಂಜುಳಾ ನನಗೆ ಕನ್ನಡದಲ್ಲಿ ಹೇಳಿದಳು. ಆ ಬಳ್ಳಿಯ ಜಾತಿ ನೆಬಿಯೋಲೊ. ಅವರ ಊರು ಇಟಲಿಯ ಮೇಲ್ಗಡೆ, ಹಿಮದ ಬೆಟ್ಟಗಳ ಹತ್ತಿರದ ಪಿಯೆಮೊಂಟೆ ಸೀಮೆ. ಅಲ್ಲಿನ ಗುಡ್ಡದ ಇಳಿಜಾರಿನಲ್ಲೆಲ್ಲ ಇದೇ ದ್ರಾಕ್ಷಿ. ಇದರ ಬುಡದ ಕಣ್ಣಲ್ಲಿ ಎಲೆ ಬರುತ್ತದೆ, ಗೊಂಚಲು ಕಟ್ಟುವುದಿಲ್ಲ. ಹತ್ತು ಕಣ್ಣಿನ ಉದ್ದದ ಕಡ್ಡಿ ಬಿಟ್ಟು, ಬಗ್ಗಿಸಿ, ತಂತಿಗೆ ಕಟ್ಟಬೇಕು.

ಇನ್ನೊಂದು ಮಾತೂ ಇತ್ತು. ಒಬ್ಬರೇ ಇರುವುದು ಬೇಡ, ಬಳ್ಳಿ ಕಿತ್ತು ಮನೆ ಮಾರೋಣ, ವೃದ್ಧಾಶ್ರಮಕ್ಕೆ ನಡಿ ಅಂತ ಮಗನ ಹಟ. ಈ ಸಲ ಹಣ್ಣು ಕೊಯ್ದು ವೈನ್ ಮಾಡಿದರೆ ಇನ್ನು ಆ ಮಾತು ಎತ್ತಲ್ಲ ಅಂತ ಅಪ್ಪ ಮಗನಿಗೆ ಒಪ್ಪಂದವಾಗಿತ್ತು. ಆ ಹಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ನಾನು ನೆಲಕ್ಕೆ ಹಾಕಿದ್ದೆ.

"ತಪ್ಪು ನನ್ನದು ಅಂತ ಹೇಳು," ಅಂದೆ ಮಂಜುಳಾಗೆ. "ಮೂರನೆಯದು ಇದೆಯಲ್ಲ, ಅದನ್ನು ಅವರು ಹೇಳಿದ ಹಾಗೆ ಕಟ್ಟಿಕೊಡ್ತೀನಿ ಅಂತಲೂ ಹೇಳು."

ಅವರು ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದರು. ಕತ್ತರಿ ಹಿಡಿದು ಹಿಡಿದು ನನ್ನ ತೋರುಬೆರಳು ಸೊಟ್ಟ. ತಮ್ಮ ಬೆರಳು ತೋರಿಸಿದರು. ಅದೂ ಸೊಟ್ಟ. ಏನೋ ಗೊಣಗಿಕೊಂಡು ಒಳಗೆ ಹೋಗಿ, ಧೂಳು ಹಿಡಿದ ಬಾಟಲಿ ತಂದರು.

"ಅವರ ಊರಿನ ವೈನಂತೆ ಅಮ್ಮ, ಬರೋಲೊ ಅಂತ. ಇದೇ ಹಣ್ಣಿನದು. ತುಂಬಾ ಒಳ್ಳೇದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಿರ್ತಾರಂತೆ. ಏನು ಕತ್ತರಿಸಿದೆ ಅಂತ ನಿನಗೆ ಗೊತ್ತಾಗಲಿ, ಕುಡಿ ಅಂತಿದಾರೆ."

ನಾನು ಯಾವತ್ತೂ ಕುಡಿದವಳಲ್ಲ. ನನ್ನ ಪಾಲಿನದನ್ನೂ ನನ್ನ ಗಂಡನೇ ಕುಡಿದು ಹೋದ. ಆದರೂ ಇಸಿದುಕೊಂಡೆ. ಬಣ್ಣ ನೋಡಿದರೆ ನೀರು ಬೆರೆಸಿದ ಹಾಗೆ ತಿಳಿ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೂಗಿಗೆ ಹಿಡಿದರೆ ಗುಲಾಬಿ, ಹಿಂದೆಯೇ ರಸ್ತೆಗೆ ಹಾಕುವ ಟಾರಿನ ವಾಸನೆ. ಬಾಯಿಗೆ ಹಾಕಿದರೆ ಹಸಿ ಅಡಿಕೆ ಅಗಿದ ಹಾಗೆ ಒಗರು.

"ಒಗರು," ಅಂದೆ ಮುಖ ಹಿಂಡಿಕೊಂಡು.

ಮಂಜುಳಾ ಅದನ್ನೂ ಹೇಳಿಬಿಟ್ಟಳು. ಮುದುಕರು ಅವತ್ತು ಮೊದಲ ಸಲ ನಕ್ಕರು. "ಕಾಯಬೇಕು ಸಿನ್ಯೋರಾ," ಅಂದರು, ನಮ್ಮಲ್ಲಿ ಅಮ್ಮಾವ್ರೇ ಅನ್ನುವ ಹಾಗೆ. ಹಣ್ಣೂ ಹಾಗೆಯೇ ಅಂತೆ, ಎಲ್ಲಕ್ಕಿಂತ ಕೊನೆಗೆ, ಅವರ ಊರಿನ ಬೆಟ್ಟಕ್ಕೆ ಮಂಜು ಇಳಿಯುವ ಹೊತ್ತಿಗೆ ಮಾಗುವುದು. ನಮ್ಮಲ್ಲಿ ಮಂಜು ಬಿದ್ದರೆ ಬಳ್ಳಿಗೆ ರೋಗ ಅಂತ ಬೈಯುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗುಟುಕು ಕುಡಿದೆ. ಒಗರು ಇತ್ತು, ಆದರೆ ಗಂಟಲಿಳಿದ ಮೇಲೂ ಗುಲಾಬಿ ಬಾಯಲ್ಲೇ ಉಳಿಯಿತು. ಮೂವತ್ತೆಂಟು ವರ್ಷ ಬಳ್ಳಿ ಕತ್ತರಿಸಿದವಳಿಗೆ, ಹಣ್ಣು ಆಮೇಲೆ ಏನಾಗುತ್ತದೆ ಅಂತ ಅವತ್ತು ಗೊತ್ತಾಯಿತು.

ಆ ಎರಡು ಬಳ್ಳಿಯಲ್ಲಿ ಆ ವರ್ಷ ಬರೀ ಎಲೆ. ಮೂರನೆಯದು ಏಪ್ರಿಲ್‌ನಲ್ಲಿ ಮೂರು ಬಕೆಟ್ ಹಣ್ಣು ಕೊಟ್ಟಿತು, ಅದರಲ್ಲೇ ವೈನ್ ಮಾಡಿದರು. ಇಷ್ಟೇನಾ ಅಂದನಂತೆ ಮಗ, ಆದರೂ ಆಡಿದ ಮಾತಿಗೆ ತಪ್ಪಲಿಲ್ಲ. ಪಿಯೆತ್ರೊ ಇವತ್ತಿಗೂ ಅದೇ ಮನೆಯಲ್ಲಿದ್ದಾರೆ. ಜುಲೈ ಬಂತೆಂದರೆ ನಾನು ಸಿಡ್ನಿಯಿಂದ ವಿಮಾನ ಹತ್ತುತ್ತೇನೆ. ಅವರು ಬಕೆಟ್ ಮೇಲೆ ಕೂತು ಕೋಲು ತೋರಿಸುತ್ತಾರೆ, ನಾನು ಕತ್ತರಿಸುತ್ತೇನೆ. ನಮಗೆ ಬರುವ ಕೆಲಸವನ್ನೂ ಬೇರೆ ಮಣ್ಣಿನಲ್ಲಿ ಕೇಳಿ ಮಾಡಬೇಕು ಅಂತ ಕಲಿತೆ. ಅರವತ್ತೊಂಬತ್ತಕ್ಕೆ ಕಲಿತೆ, ಏನೀಗ?

ಆ ಅಕ್ಟೋಬರಿನಲ್ಲಿ, ಎರಡು ಬಳ್ಳಿ ಹಾಳು ಮಾಡಿದ ಮರುದಿನ, ಬೆಳಿಗ್ಗೆ ಎದ್ದವಳೇ ನನ್ನ ಹಳೇ ಕಾಟನ್ ಸೀರೆಯೊಂದನ್ನು ಹರಿದು, ಕಡ್ಡಿ ಕಟ್ಟಲು ಪಟ್ಟಿ ಮಾಡಿಕೊಂಡೆ. ಪಕ್ಕದ ಮನೆಗೆ ಹೋಗಿ ಗೇಟು ತಟ್ಟಿ, ತೆಗೆಯುವ ತನಕ ಹೊರಗೇ ನಿಂತಿದ್ದೆ. ಪಿಯೆತ್ರೊ ಬಂದರು. ಕತ್ತರಿ ಜೇಬಿನಲ್ಲೇ ಇಟ್ಟುಕೊಂಡು, ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದರು. ಹತ್ತು ಕಣ್ಣು, ಗೊತ್ತಾಯಿತು ಅಂತ ನಾನೂ ಹತ್ತು ಬೆರಳು ತೋರಿಸಿದೆ. ಆಮೇಲೆ ಕತ್ತರಿ ಕೊಟ್ಟರು.