ವಸುಂಧರಾ ಟೀಚರ ಸೀರೆಗಳು

ಲೇಕ್ ಗಾರ್ಡನ್ಸ್‌ನ ರೈಲು ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದೇ ಮನೆಯಲ್ಲಿ ನಾವು ಕೆಳಗೆ, ವಸುಂಧರಾ ಅವರ ಸಂಸಾರ ಮೇಲೆ ಬಾಡಿಗೆಗೆ ಇದ್ದೆವು. ನನ್ನ ಗಂಡ ಬ್ಯಾಂಕಿನಲ್ಲಿದ್ದರು. ಅವರ ಗಂಡ ಶ್ಯಾಮಸುಂದರ ಡಾಲ್‌ಹೌಸಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಇಬ್ಬರೂ ಒಟ್ಟಿಗೇ ಟ್ರಾಮು ಹತ್ತುತ್ತಿದ್ದರು. ಅರವತ್ತೆಂಟರ ಮಳೆಗಾಲದಲ್ಲಿ ಶ್ಯಾಮಸುಂದರರಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸಿದರು. ದುರ್ಗಾಪೂಜೆಯ ಪೆಂಡಾಲು ಏಳುವ ಹೊತ್ತಿಗೆ ಅವರು ಇರಲಿಲ್ಲ. ವಸುಂಧರಾಗೆ ಆಗ ಮೂವತ್ತು ದಾಟಿತ್ತಷ್ಟೆ. ಮಗಳು ಇಂದುಮತಿ ಇನ್ನೂ ಶಾಲೆಗೆ ಸೇರಿರಲಿಲ್ಲ.

ಅತ್ತೆ ಮಹಾಲಕ್ಷ್ಮಮ್ಮ ಮೈಸೂರು ಕಡೆಯ ಹಳೇ ಕಾಲದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಹೊದ್ದು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವರು. ಸೊಸೆಗೂ ಹಾಗೇ ಆಗಬೇಕೆಂದು ಹಟ ಹಿಡಿದರು. ಮೈದುನ ನರಸಿಂಹಮೂರ್ತಿ ರೈಲ್ವೆಯಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ. ಆದರೆ ಅಂದು ತಾಯಿಗೆ ಎದುರು ನಿಂತ. ಕೊನೆಗೆ ಒಂದು ರಾಜಿಯಾಯಿತು. ತಲೆಕೂದಲು ಇರಲಿ, ಶಾಲೆಯ ಕೆಲಸವೂ ಇರಲಿ. ಇಲ್ಲಿನ ಬಂಗಾಳಿ ವಿಧವೆಯರು ಉಡುವ ಹಾಗೆ ಬಿಳಿ ಸೀರೆ ಉಟ್ಟರೆ ಸಾಕು. ಹಾಗೆ ನಮ್ಮ ಕಡೆಯ ಪದ್ಧತಿಯೇ ಅಲ್ಲದ ಬಿಳಿ ಅವರ ಮೈಗೆ ಬಂತು.

ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಎಪ್ಪತ್ತರಲ್ಲಿ ಊರು ಕೆಟ್ಟಿತು. ಗೋಡೆಗಳ ತುಂಬ ಕ್ರಾಂತಿಯ ಘೋಷಣೆ, ಸಂಜೆಯಾದರೆ ಬಾಂಬಿನ ಸದ್ದು, ಪರೀಕ್ಷೆಗಳು ನಡೆಯುತ್ತಿರಲಿಲ್ಲ. ಅವರ ಶಾಲೆಯೂ ಬಾಗಿಲು ಹಾಕಿತು. ಮೈದುನನೊಬ್ಬನ ದುಡಿಮೆಯಲ್ಲಿ ಎಲ್ಲರೂ ಬದುಕುವುದು ಅವರಿಗೆ ಮುಳ್ಳಾಯಿತು. ಇಥಿಯೋಪಿಯಾದವರು ಇಂಗ್ಲಿಷ್ ಕಲಿಸುವವರನ್ನು ಕರೆಯುತ್ತಿದ್ದಾರೆಂದು ಪೇಪರಿನಲ್ಲಿ ಬಂದಾಗ ಅರ್ಜಿ ಹಾಕಿದರು. ಆಯ್ಕೆಯೂ ಆಯಿತು.

ಅಲ್ಲಿ ಏನು ಉಡಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು. ಲೇಕ್ ಮಾರ್ಕೆಟ್ ಹತ್ತಿರ ಉಡುಪಿಯವರದೊಂದು ಹೋಟೆಲಿತ್ತು. ಅದರ ಮಾಲೀಕರ ತಂಗಿ ಪ್ರಭಾವತಿ ಗಂಡನ ಜೊತೆ ಅದೇ ದೇಶದಲ್ಲಿ ಟೀಚರಾಗಿದ್ದವರು, ರಜೆಯಲ್ಲಿ ಅಣ್ಣನ ಮನೆಗೆ ಬಂದಿದ್ದರು. ಅವರನ್ನು ನಾನೇ ಮೇಲೆ ಕರೆದುಕೊಂಡು ಹೋದೆ.

“ಎತ್ತರದ ಊರು ಅದು, ಚಳಿ ಉಂಟು,” ಎಂದರು ಪ್ರಭಾವತಿ. “ಚಪ್ಪಲಿ ನಡಿಯುದಿಲ್ಲ. ಉಣ್ಣೆಯ ಕಾಲುಚೀಲ, ಬೂಟು. ಮೇಲೆ ಒಂದು ಉದ್ದ ಕೋಟು. ಸೆರಗನ್ನು ಕೋಟಿನ ಒಳಗೆ ಹಾಕಿ. ಇಲ್ಲದಿದ್ರೆ ಬೋರ್ಡು ಒರಸುವಾಗ ಸೀಮೆಸುಣ್ಣ ಪೂರಾ ಸೆರಗಿಗೆ.”

“ಸ್ಕರ್ಟು ಹಾಕ್ಬೇಕಾ?”

“ಬೇಡ, ಬೇಡ. ಸೀರೆಗೆ ಅಲ್ಲಿ ಮರ್ಯಾದೆ ಉಂಟು. ಇಂಡಿಯಾದ ಟೀಚರ್ ಅಂದ್ರೆ ಸೀರೆ ಅಂತ ಮಕ್ಕಳಿಗೆ ಗೊತ್ತು. ಆದ್ರೆ ಬಿಳಿ ಬೇಡ. ಧೂಳಿಗೆ ಒಂದೇ ದಿನದಲ್ಲಿ ಮಾಸ್ತದೆ, ಒಗೆದ್ರೆ ಒಣಗುದಿಲ್ಲ. ಬಣ್ಣದ್ದು ತಗೊಳ್ಳಿ.”

ಮಹಾಲಕ್ಷ್ಮಮ್ಮ ಒಳಗೆ ಜಪ ಮಾಡುತ್ತ ಕೂತಿದ್ದರು. ಪ್ರಭಾವತಿ ಹೊರಟ ಮೇಲೆ ಅಲ್ಲಿಂದಲೇ ಹೇಳಿದರು: “ಕೋಟು ತಗೋ, ಬೂಟೂ ತಗೋ. ಬಿಳಿ ಬಿಡ್ಬೇಡ, ವಸು.”

ವಸುಂಧರಾ ನ್ಯೂ ಮಾರ್ಕೆಟ್ಟಿನಲ್ಲಿ ಕೋಟು, ಬೂಟು ಕೊಂಡರು. ಪೆಟ್ಟಿಗೆಗೆ ಬಿಳಿ ಸೀರೆಗಳನ್ನೇ ಇಟ್ಟರು. ಪ್ರಭಾವತಿ ತಾವಾಗಿಯೇ ಒಂದು ಹಸಿರು ನೈಲೆಕ್ಸ್ ಸೀರೆ ತಂದುಕೊಟ್ಟಾಗ, ಬೇಡವೆನ್ನಲಾರದೆ ಅದನ್ನೂ ತಳದಲ್ಲಿ ಇಟ್ಟುಕೊಂಡರು. ಮಗಳು ಇಂದುವನ್ನು ನರಸಿಂಹಮೂರ್ತಿಯ ಹೆಂಡತಿ ಪಾರ್ವತಿಯ ಮಡಿಲಿಗೆ ಬಿಟ್ಟು ಹೊರಟರು. ಪಾರ್ವತಿಗೆ ಮಕ್ಕಳಿರಲಿಲ್ಲ.

ಅಲ್ಲಿ ಏನಾಯಿತೆಂಬುದನ್ನು ಅವರು ನನಗೆ ಹೇಳಿದ್ದು ವಾಪಸು ಬಂದ ಮೇಲೆ, ತಾರಸಿಯಲ್ಲಿ ಬಟ್ಟೆ ಹರವುತ್ತ.

ಅಸೆಲ್ಲ ಎಂಬ ಊರು. ಅಲ್ಲಿ ಬಿಳಿ ಹಬ್ಬದ ಬಟ್ಟೆ. ಭಾನುವಾರ ಚರ್ಚಿಗೆ ಹೋಗುವಾಗ, ಮದುವೆಗೆ ಹೋಗುವಾಗ ಹೆಂಗಸರು ತೆಳ್ಳಗಿನ ಬಿಳಿ ಶಾಲು ಹೊದೆಯುತ್ತಾರೆ. ಇವರು ದಿನವೂ ಬಿಳಿಯಲ್ಲಿ ತರಗತಿಗೆ ಹೋದರೆ ಮಕ್ಕಳಿಗೆ ಕುತೂಹಲ. ಮಿಸ್, ನಿಮ್ಮ ಧರ್ಮದಲ್ಲಿ ದಿನಾ ಹಬ್ಬವೇ ಎಂದು ಒಬ್ಬ ಹುಡುಗಿ ಕೇಳಿಯೇಬಿಟ್ಟಳು. ಇವರು ನಕ್ಕು ಪಾಠ ಮುಂದುವರಿಸಿದರು.

ಕೆಲವು ತಿಂಗಳ ಮೇಲೆ ಅದೇ ಹುಡುಗಿಯ ತಾಯಿ ತೀರಿಕೊಂಡಳು. ಹುಡುಗಿ ಕಪ್ಪು ಬಟ್ಟೆಯಲ್ಲಿ ಶಾಲೆಗೆ ಬಂದಳು. ಪಾಠದ ನಡುವೆ ಅವಳೇ ಎದ್ದು ನಿಂತು, ನಿಮ್ಮ ದೇಶದಲ್ಲಿ ಯಾರಾದರೂ ಸತ್ತರೆ ಯಾವ ಬಣ್ಣ ಎಂದು ಕೇಳಿದಳು.

“ಬಿಳಿ ಅಂದೆ,” ಎಂದರು ವಸುಂಧರಾ. “ಅಷ್ಟೇ ರೀ ನಾನು ಹೇಳಿದ್ದು. ಇಡೀ ಕ್ಲಾಸು ನನ್ನ ಸೀರೆ ನೋಡ್ತು. ಆಮೇಲೆ ಆ ಹುಡುಗಿ, ಯಾರು ಮಿಸ್ ಅಂತ ಕೇಳಿದ್ಲು. ಗಂಡ ಅಂದೆ. ಯಾವಾಗ ಅಂದ್ಲು. ಅದನ್ನೂ ಹೇಳಿದೆ. ಇಲ್ಲಿ ಒಂದು ವರ್ಷ ಮಿಸ್, ಆಮೇಲೆ ಮನೆಯವರು ಬಂದು ಕಪ್ಪು ತೆಗೆಸ್ತಾರೆ ಅಂದ್ಲು. ನಿಮ್ಮದನ್ನ ತೆಗೆಸೋಕೆ ಯಾರೂ ಬರಲಿಲ್ಲವಾ ಅಂತ ಕೇಳಿದ್ಲು.”

ಆ ವಾರವೇ ಮನೆಯೊಡತಿ, ವಯಸ್ಸಾದ ಹೆಂಗಸು, ಇಬ್ಬರು ನೆರೆಯವರನ್ನು ಕರೆದುಕೊಂಡು ಇವರ ಕೋಣೆಗೆ ಬಂದಳು. ಹುಡುಗಿ ಸುದ್ದಿ ಮುಟ್ಟಿಸಿರಬೇಕು. ಕೆಂಡದ ಮೇಲೆ ಕಾಫಿ ಬೀಜ ಹುರಿದು, ಅಲ್ಲೇ ಕುಟ್ಟಿ, ಕಾಫಿ ಕಾಸಿದರು. ಭಾಷೆ ಅರ್ಥವಾಗುತ್ತಿರಲಿಲ್ಲ. ಕಾಫಿಯಾದ ಮೇಲೆ ಮುದುಕಿ ಇವರ ಸೆರಗು ಹಿಡಿದು, ತಲೆಯಾಡಿಸಿ, ಪೆಟ್ಟಿಗೆಯತ್ತ ಬೆರಳು ತೋರಿಸಿದಳು. ಇವರು ಅಳುತ್ತ ಹೋಗಿ ಹಸಿರು ಸೀರೆ ಉಟ್ಟು ಬಂದರು. ಆ ಹೆಂಗಸರೂ ಅತ್ತರಂತೆ. ಮಾರನೆಯ ದಿನ ಅದರಲ್ಲೇ ತರಗತಿಗೆ ಹೋದರು. ಆಮೇಲೆ ಅಲ್ಲಿನ ಗುಜರಾತಿ ಅಂಗಡಿಯಲ್ಲಿ ಹಳದಿಯದೊಂದು, ಊದಾ ಬಣ್ಣದ್ದೊಂದು ಕೊಂಡರು. ಹಣೆಗೂ ಇಟ್ಟುಕೊಂಡರು.

“ಆವಾಗ ನಾನು ಪಾಠ ಮಾಡೋದೇ ಬೇರೆ ಥರ ಆಯ್ತು,” ಎಂದರು. “ದನಿ ಜೋರಾಯ್ತು.”

ಎಪ್ಪತ್ತನಾಲ್ಕರಲ್ಲಿ ಆ ದೇಶದ ರಾಜ ಪದಚ್ಯುತನಾದ. ಮರುವರ್ಷ ಪ್ರೌಢಶಾಲೆಗಳನ್ನು ಮುಚ್ಚಿ ಹುಡುಗರನ್ನೆಲ್ಲ ಹಳ್ಳಿಗಳಿಗೆ ಕಳಿಸಿದರು. ವಿದೇಶಿ ಟೀಚರುಗಳಿಗೆ ಕೆಲಸವಿಲ್ಲದಾಯಿತು. ವಸುಂಧರಾ ಹೊರಟು ಬಂದರು.

ದಮ್‌ದಮ್ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಊದಾ ಸೀರೆ, ಕೋಟು, ಹಣೆಯಲ್ಲಿ ಕುಂಕುಮ. ಆ ವೇಷದಲ್ಲೇ ಮನೆ ಹೊಗುವ ಮನಸ್ಸು ಮಾಡಿಕೊಂಡೇ ಬಂದಿದ್ದರು. ಇಂದು ಹತ್ತು ವರ್ಷದವಳಾಗಿದ್ದಳು. ಬಂಗಾಳಿ ಮಕ್ಕಳ ಹಾಗೆ ಚಿಕ್ಕಮ್ಮನನ್ನು ಕಾಕಿಮಾ ಎಂದು ಕರೆಯಲು ಶುರುಮಾಡಿದವಳು, ಬರಬರುತ್ತ ‘ಕಾಕಿ’ ಬಿಟ್ಟು ಬರೀ ‘ಮಾ’ ಎನ್ನುತ್ತಿದ್ದಳು. ವಸುಂಧರಾ ಕೈ ಚಾಚಿದಾಗ ಅವಳು ಪಾರ್ವತಿಯ ಬೆನ್ನ ಹಿಂದೆ ಸರಿದು, “ಮಾ, ಇವ್ರೇನಾ?” ಎಂದಳು. ಪಾರ್ವತಿ ನೆಲ ನೋಡಿದಳು.

ಮನೆಯಲ್ಲಿ ಮಹಾಲಕ್ಷ್ಮಮ್ಮ ಹಾಸಿಗೆ ಹಿಡಿದಿದ್ದರು. ಕಣ್ಣು ಅಷ್ಟಕ್ಕಷ್ಟೆ. ಸೊಸೆ ಕಾಲಿಗೆ ನಮಸ್ಕರಿಸಿದಾಗ ಕೈಯಿಂದ ಸೀರೆ ಸವರಿ ನೋಡಿದರು.

“ಯಾವ ಬಣ್ಣ?”

“ಊದಾ, ಅತ್ತೆ.”

ಬೈಗುಳ ಬರುತ್ತದೆಂದು ನಾವೆಲ್ಲ ಕಾದೆವು. ಮುದುಕಿ ಬೈಯಲಿಲ್ಲ.

“ಅವನ ಬಟ್ಟೆಗಳನ್ನ ಮೂರ್ತಿ ಯಾರಿಗೋ ಕೊಟ್ಟ,” ಎಂದರು. “ಅವನ ಆಫೀಸಿನವರು ಬರೋದು ನಿಲ್ಲಿಸಿದ್ರು. ಮಗೂಗೆ ಅಪ್ಪನ ಮುಖ ನೆನಪಿಲ್ಲ. ನನ್ನ ಮಗ ಇದ್ದ, ಸತ್ತ ಅನ್ನೋಕೆ ಈ ಮನೇಲಿ ನಿನ್ನ ಸೀರೆ ಒಂದಿತ್ತು, ವಸು. ನೀನೂ ಬಿಟ್ರೆ ನಾನು ಯಾರನ್ನ ನೋಡ್ಲಿ?”

ಬೈದಿದ್ದರೆ ವಸುಂಧರಾ ಎದುರು ನಿಲ್ಲುತ್ತಿದ್ದರು. ಅದಕ್ಕೆ ಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರು. ಈ ಮಾತು ಕೇಳಿ ಮೇಲೆದ್ದರು. ಬಚ್ಚಲಿಗೆ ಹೋಗಿ ಮುಖ ತೊಳೆದು, ಪಾರ್ವತಿ ಕೊಟ್ಟ ಬಿಳಿ ಸೀರೆ ಉಟ್ಟು ಬಂದು ಅತ್ತೆಯ ಪಕ್ಕ ಕೂತರು. ಅಂದಿನಿಂದ ಮೂರು ವರ್ಷ ಆಕೆಯ ಸೇವೆ ಮಾಡಿದರು. ಈಗ ಮತ್ತೆ ತೆರೆದಿದ್ದ ಹಳೆಯ ಶಾಲೆ ಕೆಲಸ ಕೊಟ್ಟಿತು, ಇಂದುವೂ ಅಲ್ಲೇ ಓದುತ್ತಿದ್ದಳು. ಬಣ್ಣದ ಸೀರೆಗಳನ್ನು ಪಾರ್ವತಿ ಕತ್ತರಿಸಿ ಇಂದುವಿಗೆ ಲಂಗ, ಫ್ರಾಕು ಹೊಲಿದಳು. ಹಳದಿಯದನ್ನು ಹುಡುಗಿ ಸರಸ್ವತಿ ಪೂಜೆಗೆ ಹಾಕಿಕೊಂಡು ಎಲ್ಲರಿಗೂ ತೋರಿಸಿ ಬಂದಳು.

ಎಪ್ಪತ್ತೆಂಟರಲ್ಲಿ ಮಹಾಲಕ್ಷ್ಮಮ್ಮ ಹೋದರು. ವರ್ಷಾಬ್ದಿಕವೂ ಆದ ಮೇಲೆ ನರಸಿಂಹಮೂರ್ತಿಯೇ, “ಅತ್ತಿಗೆ, ಇನ್ನು ನಿಮಗೆ ಬೇಕಾದ್ದು ಉಡಿ, ನಾವು ಯಾರೂ ಏನೂ ಅನ್ನಲ್ಲ,” ಎಂದ. ವಸುಂಧರಾ ನನ್ನನ್ನು ಕರೆದುಕೊಂಡು ಗಡಿಯಾಹಾಟಿನ ಸೀರೆ ಅಂಗಡಿಗೆ ಹೋದರು. ಅಂಗಡಿಯವನು ರಾಶಿ ಹಾಕಿದ್ದರಲ್ಲಿ ತುಂಬ ಹೊತ್ತು ನೋಡಿ, ತಿಳಿನೀಲಿಯ ಒಂದು ಕೈಮಗ್ಗದ ತಾಂತ್ ಸೀರೆ ಆರಿಸಿದರು. ಸೋಮವಾರ ಅದನ್ನು ಉಟ್ಟು ಶಾಲೆಗೆ ಹೊರಟರು. ಇಂದು ಜೊತೆಗೆ ಹೋಗಲಿಲ್ಲ, ಮೊದಲೇ ಹೊರಟುಬಿಟ್ಟಿದ್ದಳು.

ಸಂಜೆ ಹುಡುಗಿ ಚೀಲ ಎಸೆದು ಮೆಟ್ಟಿಲಲ್ಲೇ ಕೂತಳು. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ.

“ಕ್ಲಾಸಲ್ಲಿ ಎಲ್ಲಾರೂ ಕೇಳಿದ್ರು, ನಿಮ್ಮ ಮದರ್ ಮದ್ವೆ ಮಾಡ್ಕೋತಾರಾ ಅಂತ,” ಎಂದಳು, ಹಿಂದೆಯೇ ಬಂದ ತಾಯಿಗೆ. “ನನಗೆ ಶೇಮ್ ಆಯ್ತು. ಪ್ಲೀಸ್, ಮೊದ್ಲಿನ ಥರಾನೇ ಬನ್ನಿ. ಕಾಕಿಮಾನೂ ಹಂಗೇ ಹೇಳಿದ್ರು.”

ಕಾಕಿಮಾ ಹಾಗೆ ಹೇಳಿದ್ದಳೋ ಇಲ್ಲವೋ, ನನಗೆ ತಿಳಿಯದು. ವಸುಂಧರಾ ಮಗಳ ತಲೆ ಸವರಲು ಹೋಗಿ ಕೈ ಹಿಂದೆಗೆದುಕೊಂಡರು. “ಆಯ್ತು, ಹೋಗು, ಕೈಕಾಲು ತೊಳ್ಕೋ,” ಎಂದರು.

ಮಾರನೆಯ ದಿನ ಬಿಳಿ ಸೀರೆಯಲ್ಲಿ ಹೋದರು. ಇಂದು ಜೊತೆಗೆ ನಡೆದಳು.

ಆ ವರ್ಷ ನೈಜೀರಿಯಾದವರು ಇಂಗ್ಲಿಷ್ ಟೀಚರುಗಳನ್ನು ಕರೆಯುತ್ತಿದ್ದರು. ಊರಿನ ಎಷ್ಟೋ ಮಂದಿ ಹೊರಟರು. ಹೊರಟವರು ಏನು ಉಡಬೇಕು, ಏನು ಒಯ್ಯಬೇಕು ಎಂದು ಇವರನ್ನು ಕೇಳಲು ಬರುತ್ತಿದ್ದರು. ಅಲ್ಲಿ ಸೆಕೆ, ಹತ್ತಿ ಸೀರೆ ಒಯ್ಯಿರಿ, ಪಿನ್ನು ಮರೆಯಬೇಡಿ ಎಂದು ಬೇಸರಿಸದೆ ಹೇಳಿ ಕಳಿಸುತ್ತಿದ್ದರು. ನೀವೂ ಹೋಗಬಹುದಲ್ಲ, ಅಲ್ಲಾದರೂ ನಿಮ್ಮಿಷ್ಟದಂತೆ ಇರಬಹುದು ಎಂದೆ ನಾನು.

“ಹೋಗಬಹುದು,” ಎಂದರು. “ಆದರೆ ಆಮೇಲೆ ವಾಪಸು ಬರಬೇಕಲ್ಲ ರೀ.”

ಮುಂದಿನ ಬೇಸಿಗೆಯಲ್ಲಿ ನನ್ನ ಗಂಡನಿಗೆ ನಾಗಪುರಕ್ಕೆ ವರ್ಗವಾಯಿತು. ನಾವು ಸಾಮಾನು ಕಟ್ಟುತ್ತಿದ್ದಾಗ ಅವರು ಬಂದು, ಒಂದೇ ದಿನ ಉಟ್ಟಿದ್ದ ಆ ತಿಳಿನೀಲಿ ಸೀರೆಯನ್ನು ನನ್ನ ಕೈಗಿಟ್ಟರು. ನಾನು ಅದನ್ನು ಉಟ್ಟುಕೊಂಡೆ, ಹರಿಯುವವರೆಗೂ.