ಹಾಲಿನಲ್ಲಿಟ್ಟ ಉಂಗುರ

ಭಾನುವಾರ ಬೆಳಿಗ್ಗೆ ಮಗಳು ಉಂಗುರ ಕಳಚಿಟ್ಟು ಸ್ನಾನಕ್ಕೆ ಹೋದಾಗ, ಅದನ್ನು ಎತ್ತಿಕೊಂಡು ಹೋಗಿ ದೇವರ ಮುಂದೆ ಬೆಳ್ಳಿ ಬಟ್ಟಲಿನ ಹಾಲಿನಲ್ಲಿ ಮುಳುಗಿಸಿದೆ. ಕೇಳಿ ಮಾಡಬೇಕಿತ್ತು, ಗೊತ್ತು. ಆದರೆ ವಾರವಿಡೀ ಹೈವೇಯಲ್ಲಿ ಪಾರ್ಸಿಪನಿ ಊರಿನ ಆಫೀಸಿಗೂ ಮನೆಗೂ ಅಲೆದು ಸುಸ್ತಾದವಳಿಗೆ ಇಪ್ಪತ್ತೊಂದು ವರ್ಷದ ಹುಡುಗಿಯ ಜೊತೆ ವಾದ ಮಾಡುವ ತ್ರಾಣ ಇರಲಿಲ್ಲ.

ಅವಳು ಓದುವುದು ಹಡ್ಸನ್ ನದಿ ದಡದ ಸೈನಿಕ ಕಾಲೇಜಿನಲ್ಲಿ. ಕೊನೆಯ ವರ್ಷಕ್ಕೆ ಕಾಲಿಟ್ಟವರಿಗೆ ಅಲ್ಲಿ ಚಿನ್ನದ ಉಂಗುರ ಕೊಡುತ್ತಾರೆ. ಹಿಂದೆ ಅಲ್ಲಿ ಓದಿದವರ ಹಳೆಯ ಉಂಗುರಗಳನ್ನು ಕರಗಿಸಿ ಹೊಸ ಚಿನ್ನಕ್ಕೆ ಬೆರೆಸುವುದು ಪದ್ಧತಿ. ತೀರಿಹೋದವರದ್ದನ್ನು ಮನೆಯವರು ತಂದುಕೊಡುತ್ತಾರೆ. ಆ ಸಮಾರಂಭದ ವಿಡಿಯೋ ಕಳಿಸಿದ್ದಳು ಮಗಳು. ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೇ ಕೂತು ನೋಡಿದೆ. ನನ್ನದೇ ವಯಸ್ಸಿನ ಹೆಂಗಸೊಬ್ಬಳು ಪರ್ಸಿನಿಂದ ಮಗನ ಉಂಗುರ ತೆಗೆದು ಮೂಸೆಗೆ ಹಾಕಿದಳು. ಹಾಕಿದ ಮೇಲೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಯಾರೋ ಭುಜ ಹಿಡಿದು ಕರೆದುಕೊಂಡು ಹೋಗಬೇಕಾಯಿತು. ಅವತ್ತು ಮಧ್ಯಾಹ್ನದ ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ, ದೇವರಾಣೆಗೂ ನನಗೆ ಗೊತ್ತಿಲ್ಲ.

"ಅಮ್ಮಾ! ವೇರ್ ಈಸ್ ಮೈ ರಿಂಗ್?" ಒದ್ದೆ ತಲೆಯಲ್ಲೇ ಬಂದಳು. ಸಂಜೆಯೊಳಗೆ ಅವಳು ಕಾಲೇಜಿಗೆ ವಾಪಸ್ಸಾಗಬೇಕಿತ್ತು.

"ದೇವರ ಮುಂದೆ ಇದೆ ಕಣೆ. ಹಾಲಲ್ಲಿ ಹಾಕಿದೀನಿ, ದೋಷ ಹೋಗ್ಲಿ ಅಂತ."

"ಮಿಲ್ಕ್? ಆರ್ ಯೂ ಸೀರಿಯಸ್?"

"ಸತ್ತವರ ಚಿನ್ನ ಬೆರೆಸಿದಾರೆ ಅದಕ್ಕೆ. ಅದನ್ನ ಹಾಕ್ಕೊಂಡು ನೀನು ಎಲ್ಲೆಲ್ಲಿಗೋ ಹೋಗ್ತೀಯ. ನಂಗೆ ಭಯ ಆಗಲ್ವೇನೇ?"

ಅವಳು ಬಟ್ಟಲಿಗೆ ಬೆರಳು ಹಾಕಿ ಉಂಗುರ ಎತ್ತಿದಳು. ಹಾಲು ನೆಲಕ್ಕೆಲ್ಲ ತೊಟ್ಟಿಕ್ಕಿತು. ನನ್ನ ಕತ್ತಿನ ಕಡೆ ನೋಡಿ, "ದೆನ್ ವಾಟ್ ಅಬೌಟ್ ದಟ್ ಚೈನ್? ಅಜ್ಜಿ ಬ್ಯಾಂಗಲ್ಸ್, ರೈಟ್?" ಅಂದಳು.

ನಿಜವೇ. ನಮ್ಮಮ್ಮ ಹೋದ ಮೇಲೆ ಅವರ ಬಳೆ ಮುರಿಸಿ ಮಾಡಿಸಿದ ಸರ ಅದು. ಹಾಕಿಕೊಂಡಾಗ ನನಗೆ ಯಾವ ದೋಷವೂ ನೆನಪಾಗಿರಲಿಲ್ಲ. ಹಾಳಾದ್ದು, ಈ ಹುಡುಗಿಗೆ ಬೇಡದ್ದೆಲ್ಲ ನೆನಪಿರುತ್ತದೆ.

"ಅಜ್ಜಿ ಎಂಬತ್ತೆರಡು ವರ್ಷ ಬದುಕಿದ್ರು ಕಣೆ," ಅಂದೆ. "ಅವರ ಬಳೇನ ಮಗಳು ಮುರಿಸಿದ್ದು. ಅಲ್ಲಿ ಆ ಹೆಂಗಸು ಮಗಂದು ಕೊಟ್ಟಳಲ್ಲೇ!" ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಮಗಳ ಸಿಟ್ಟು ಇಳಿಯಿತು. "ಐ ವಾಸ್ ರೈಟ್ ದೇರ್, ಅಮ್ಮ," ಎಂದು ಮೆಲ್ಲಗೆ ಹೇಳಿ ಪಕ್ಕದಲ್ಲಿ ಕೂತಳು.

ನಾನು ಉಂಗುರ ಇಸಿದುಕೊಂಡು ನಲ್ಲಿಯಲ್ಲಿ ತೊಳೆದೆ. ದುಪಟ್ಟಾದಿಂದ ಒರೆಸಿ ಅವಳ ಬೆರಳಿಗೆ ತೊಡಿಸಿದೆ.

"ಮುಂದೆ ಒಂದಿನ ಇದನ್ನೂ ಕರಗಿಸೋಕೆ ಕೊಡ್ಬೇಕಲ್ಲ, ಆಗ ನೀನೇ ಕೊಡ್ಬೇಕು. ತಲೆ ಎಲ್ಲಾ ಬೆಳ್ಳಗಾಗಿ, ಕೋಲೂರ್ಕೊಂಡು ಹೋಗಿ, ನಿನ್ನ ಕೈಯಾರೆ. ಆಯ್ತಾ?"

ಅವಳು ಎದ್ದು ನಿಂತು ಬೆನ್ನು ನೇರ ಮಾಡಿದಳು.

"ಯೆಸ್, ಮ್ಯಾಮ್."