ಭಾವ ಗೋಡೆ ಒಡೆದು ಕಡಲು ಕೂರಿಸಿದ್ದು

ನನ್ನ ಭಾವ ಲಿಫ್ಟ್ ಮೆಕ್ಯಾನಿಕ್. ಜನ ಅವರನ್ನು ನೆನೆಸಿಕೊಳ್ಳುವುದು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಾಗ ಮಾತ್ರ, ಅದೂ ಬೈದುಕೊಂಡು. ನಾನು ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿ ಫೋನಿನ ಮೇಲೆ ದೂರು ಕೇಳುವವನು. ದಿನವಿಡೀ "ನಿಮ್ಮ ತೊಂದರೆ ಅರ್ಥ ಆಯ್ತು ಸರ್" ಎನ್ನುತ್ತೇನೆ. ಆಗಿರುವುದಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ತಾತ್ಕಾಲಿಕವಾಗಿ ಇದ್ದೇನೆ; ಈ ತಾತ್ಕಾಲಿಕ ಯಾವಾಗ ಶುರುವಾಯಿತೆಂದು ಈಗ ಯಾರಿಗೂ ನೆನಪಿಲ್ಲ. ಹೀಗಾಗಿ ಭಾವ ಒಂದು ಭಾನುವಾರ ಹಾಲ್‌ಗೂ ನನ್ನ ಕೋಣೆಗೂ ನಡುವಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಚೌಕ ಬರೆದು "ಇಲ್ಲಿ ಒಡೀಬೇಕು" ಎಂದಾಗ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಆ ಚೌಕದೊಳಗೆ ಬರಬೇಕಾಗಿದ್ದುದು ಉಪ್ಪುನೀರಿನ ಅಕ್ವೇರಿಯಂ: ಬಂಡೆ, ಹವಳ, ಸಮುದ್ರದ ಮೀನು. ಹಾಲ್‌ನಲ್ಲಿ ಕೂತವರಿಗೆ ಗೋಡೆಯೊಳಗಿಂದ ಗಾಜು ಮಾತ್ರ ಕಾಣಬೇಕು. ಪಂಪು, ಪೈಪು, ಬಕೆಟ್ಟು ಎಲ್ಲ ಹಿಂದೆ. ಹಿಂದೆ ಎಂದರೆ ನಾನು ಮಲಗುವ ಕಡೆ.

"ಇದ್ಯಾಕ್ರೀ ಈಗ?" ಎಂದಳು ಅಕ್ಕ.

ಭಾವ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ, "ದಿನಾ ಲಿಫ್ಟ್ ಕೆಳಗಿನ ಹಳ್ಳದಲ್ಲಿ ನಿಂತು ಗೋಡೆ ನೋಡ್ತೀನಿ ಕಣೆ. ಮನೆಗೆ ಬಂದ್ರೂ ಗೋಡೆ," ಎಂದರು.

ಅಷ್ಟೇ ಅಲ್ಲ, ಇನ್ನೊಂದು ವಿಷಯವಿತ್ತು. ಅದನ್ನು ಅವರು ನನಗೆ ಮಾತ್ರ ಹೇಳಿದ್ದರು. ದೊಡ್ಡ ಮನೆಗಳ ಕಟ್ಟಡವೊಂದರ ಲಾಬಿಯಲ್ಲಿ ಇಂಥ ತೊಟ್ಟಿ ಇದೆಯಂತೆ. ಲಿಫ್ಟ್ ರಿಪೇರಿ ಮುಗಿಸಿದ ಮೇಲೆ ಸಾಮಾನಿನ ಚೀಲದ ಮೇಲೆ ಕೂತು ಅದನ್ನು ನೋಡುತ್ತಿದ್ದರಂತೆ. ಕಾವಲುಗಾರ ಬಂದು, "ಕೆಲಸ ಆಯ್ತಲ್ಲ, ಹೊರಡಿ" ಅಂದನಂತೆ. ಭಾವ ಇದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ; ಆದರೂ ಅಭ್ಯಾಸಬಲದಿಂದ, "ಅರ್ಥ ಆಯ್ತು ಭಾವ" ಎಂದೆ.

ಅಕ್ಕ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ. ಹಿಂದೊಮ್ಮೆ ಗಾಜಿನ ಬೋಗುಣಿಯಲ್ಲಿ ತಂದ ಬಂಗಾರದ ಮೀನುಗಳನ್ನೆಲ್ಲ ಒಂದೊಂದಾಗಿ ಎತ್ತಿ ಮಣ್ಣು ಮಾಡಿದವಳು ಅವಳೇ. "ಇನ್ನೊಂದು ಹೆಣ ಎತ್ತೋಕೆ ನನ್ನ ಕೈಲಾಗಲ್ಲ. ಒಂದೇ ಒಂದು ಜೀವ ಹೋದ್ರೂ ಗೋಡೆ ಕಟ್ಟಿಸಿಬಿಡ್ತೀನಿ," ಎಂದಳು. ಬರೀ ಬಾಯಿಮಾತಲ್ಲ. ಗೋಡೆ ಒಡೆದಾಗ ಗಟ್ಟಿಯಾಗಿ ಉಳಿದ ಇಟ್ಟಿಗೆಗಳ ಗಾರೆ ಕೆರೆದು, ತೊಳೆದು, ಬಾಲ್ಕನಿಯಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟಳು.

ಭಾವ ಕೆಲಸ ಮುಗಿಸಿ ಬಂದು, ಊಟದ ತಟ್ಟೆ ತೊಳೆದಿಟ್ಟು, ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಗೋಡೆಯ ಭಾರ ಗಾಜಿನ ಮೇಲೆ ಬೀಳಬಾರದೆಂದು ತೂತಿನ ಮೇಲ್ಗಡೆ ಉಕ್ಕಿನ ತೊಲೆ ಕೂರಿಸಿದರು. ನೀರಿನ ಭಾರ ಗೋಡೆಯ ಮೇಲೆ ಬೀಳಬಾರದೆಂದು ಕೆಳಗೆ ಉಕ್ಕಿನ ಸ್ಟ್ಯಾಂಡು ಬೆಸೆದರು. ಮೇಲಿನ ತೊಟ್ಟಿಯಿಂದ ನೀರು ಪೈಪಿನಲ್ಲಿ ಇಳಿದು ನನ್ನ ಮಂಚದ ಪಕ್ಕದ ಕೆಳತೊಟ್ಟಿಗೆ ಬರಬೇಕು, ಸೋಸಿಕೊಂಡು ಪಂಪಿನಲ್ಲಿ ಮತ್ತೆ ಮೇಲೆ ಹೋಗಬೇಕು. "ಥೇಟ್ ಲಿಫ್ಟ್ ಥರಾನೇ ಕಣಪ್ಪಾ," ಎಂದರು ಒಮ್ಮೆ, ಬಹಳ ದಿನಗಳ ಮೇಲೆ ಹುರುಪಿನಿಂದ. ನಾನು ತಲೆಯಾಡಿಸಿದೆ. ಎಡವಟ್ಟಾದದ್ದು ಅಲ್ಲೇ.

ಲಿಫ್ಟಿನಲ್ಲಿ ಬಾಗಿಲು, ಹಗ್ಗ, ವೇಗ ಎಲ್ಲಕ್ಕೂ ಒಂದೊಂದು ಸ್ವಿಚ್ಚು ಇರುತ್ತದೆ, ಎಲ್ಲವೂ ಒಂದೇ ತಂತಿಯಲ್ಲಿ ಸಾಲಾಗಿ. ಯಾವುದೇ ಒಂದಕ್ಕೆ ಅನುಮಾನ ಬಂದರೂ ಸಾಕು, ಪೂರ್ತಿ ಲಿಫ್ಟ್ ನಿಲ್ಲುತ್ತದೆ. ಭಾವ ತೊಟ್ಟಿಗೂ ಅದೇ ವೈರಿಂಗ್ ಮಾಡಿದರು. ನೆಲ ಒದ್ದೆಯಾದರೆ, ನೀರು ಬಿಸಿಯಾದರೆ, ಕೆಳತೊಟ್ಟಿಯಲ್ಲಿ ನೀರು ಇಳಿದು ತೇಲುವ ಸ್ವಿಚ್ಚು ಕೆಳಗೆ ಬಂದರೆ, ಎಲ್ಲ ಬಂದ್.

ಆಮೇಲೆ ಕಾಯುವ ಕೆಲಸ. ನೀರು ಹದಕ್ಕೆ ಬರುವವರೆಗೆ ತಿಂಗಳುಗಟ್ಟಲೆ ಬರೀ ಬಂಡೆ ನೋಡಿದೆವು. ಬಂದವರು, "ಮೀನೆಲ್ಲಿ?" ಎನ್ನುತ್ತಿದ್ದರು, ಅಕ್ಕ, "ದಾರೀಲಿವೆ" ಎನ್ನುತ್ತಿದ್ದಳು. ನನ್ನ ಕೋಣೆಯ ಬಾಗಿಲ ಚಿಲಕಕ್ಕೆ, ಕನ್ನಡಕಕ್ಕೆ ಉಪ್ಪು ಹತ್ತಿತು. ಪಂಪಿನ ಗುಂಯ್‌ಗುಟ್ಟುವ ಸದ್ದಿನಲ್ಲಿ ಮಲಗಿ, ಆಫೀಸಿಗೆ ಹೋಗಿ ಜನರ ಗುಂಯ್‌ಗುಟ್ಟುವಿಕೆ ಕೇಳುತ್ತಿದ್ದೆ. ಕೊನೆಗೆ ಪಾಚಿ ತಿನ್ನಲು ಒಂದು ಬಸವನಹುಳು ಬಂತು. ಗಾಜಿನ ಮೂಲೆಮೂಲೆಗೆ ನಿಧಾನವಾಗಿ ಹೋಗಿ ಮೂಸಿ ನೋಡುತ್ತಿದ್ದ ಅದಕ್ಕೆ ಅಕ್ಕ "ಇನ್ಸ್‌ಪೆಕ್ಟರ್" ಎಂದು ಹೆಸರಿಟ್ಟಳು. ಹಿಂದೆಯೇ ಕಿತ್ತಳೆ ಬಣ್ಣದ ಜೋಡಿ ಮೀನು ಬಂದವು. ಬಂಡೆಗೆ ಅಂಟಿಸುವ ಜೀವಂತ ಹವಳದ ತುಂಡುಗಳೂ, ಬೆರಳು ಬಿಚ್ಚಿದ ಕೈಯಂಥ ನೇರಳೆ ಬಣ್ಣದ್ದೊಂದೂ ಬಂದವು. ಭಾವನಿಗೆ ಅದರ ಮುಂದೆ ಕೂರಲು ಸಮಯವೇ ಸಿಗುತ್ತಿರಲಿಲ್ಲ. ಕೂತ ತಕ್ಷಣ ಫೋನು. ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡಿರುತ್ತಿದ್ದರು.

ಒಂದು ದಿನ ಮೂವರೂ ಬೆಳಗ್ಗೆಯೇ ಚಿಕ್ಕಮ್ಮನ ಮನೆಗೆ ಹೋಗಿ ಮಧ್ಯಾಹ್ನ ಇಳಿದ ಮೇಲೆ ಬಂದೆವು. ನಾನು ನೇರ ಕೋಣೆಗೆ ಹೋಗಿ ಮಂಚಕ್ಕೆ ಬಿದ್ದೆ. ಎಂಥ ಹಿತ! ಸದ್ದೇ ಇಲ್ಲ. ಎಷ್ಟು ಕಾಲವಾಗಿತ್ತು ಇಂಥ ನಿಶ್ಶಬ್ದದಲ್ಲಿ ಮಲಗಿ ಎಂದುಕೊಂಡು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಹಾಲ್‌ನಿಂದ ಅಕ್ಕ ಚೀರಿದಳು, "ರೀ! ಮೀನು ಮೇಲೆ ಬಂದು ಬಾಯಿ ಬಿಡ್ತಿವೆ!"

ನೀರು ಕೆರೆಯಂತೆ ನಿಂತಿತ್ತು. ನೇರಳೆ ಹವಳ ಮುದುಡಿ ಜೋತುಬಿದ್ದಿತ್ತು. ಭಾವ ಟೆಸ್ಟರ್ ಹಿಡಿದು ನೆಲದ ಮೇಲೆ ಕೂತು ಒಂದೊಂದೇ ಸ್ವಿಚ್ಚು ನೋಡತೊಡಗಿದರು. ಹೊಸ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಸ್ವಿಚ್ಚುಗಳನ್ನ ಬಿಟ್ಟು ವೈರ್ ನೇರ ಕೊಟ್ಟುಬಿಡಿ ಭಾವ," ಎಂದೆ.

"ಹಾಗೆ ಮಾಡಬಾರದಪ್ಪಾ. ಯಾವುದೋ ಒಂದು ಬೇಡ ಅಂತಿದೆ. ಯಾವುದು ಅಂತ ಗೊತ್ತಾಗದೆ ನೇರ ಕೊಡೋನು ಮೆಕ್ಯಾನಿಕ್ಕೇ ಅಲ್ಲ."

ಅಕ್ಕ ಬಾಲ್ಕನಿಗೆ ಹೋದಳು. ಇಟ್ಟಿಗೆ ಹೊತ್ತು ಬಂದಳು. ಗೋಡೆ ಕಟ್ಟೋಕೆ ಇಷ್ಟು ಬೇಗನಾ ಎಂದುಕೊಂಡೆ. ಅವಳು ಅವನ್ನು ನನ್ನ ಕೋಣೆಯಲ್ಲಿ ತೊಟ್ಟಿಯ ಬುಡಕ್ಕೆ ಜೋಡಿಸಿ, ಮೇಲೆ ಹತ್ತಿ ನಿಂತು, ಬಚ್ಚಲಿನ ಚೊಂಬಿನಿಂದ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದಳು. ಮತ್ತೆ ಮೊಗೆದಳು, ಮತ್ತೆ ಸುರಿದಳು.

"ನೋಡ್ತಾ ನಿಂತಿದೀಯಲ್ಲೋ ದಂಡಪಿಂಡ! ಇನ್ನೊಂದು ಚೊಂಬು ತಾ!"

ಓಡಿಹೋಗಿ ತಂದೆ. ಅವಳ ಪಕ್ಕ ಇಟ್ಟಿಗೆಯ ಮೇಲೆ ನಿಂತು ನಾನೂ ಸುರಿದೆ. ತೋಳು ಸೋತು ಬಿದ್ದುಹೋಗುವಂತಾಯಿತು. ಕೆಳಗೆ ಭಾವ ಇನ್ನೂ ಹುಡುಕುತ್ತಲೇ ಇದ್ದರು. ಅಕ್ಕ ಕೈ ನಿಲ್ಲಿಸದೆ, ಈ ಬಾರಿ ಮೆಲ್ಲಗೆ, "ರೀ, ಇದು ಲಿಫ್ಟ್ ಅಲ್ಲ. ಲಿಫ್ಟ್ ನಿಂತ್ರೆ ಒಳಗಿದ್ದವರು ಬದುಕಿರ್ತಾರೆ. ಇದು ನಿಂತ್ರೆ ಸಾಯ್ತಾರೆ," ಎಂದಳು.

ಭಾವ ಟೆಸ್ಟರನ್ನು ಕೆಳಗಿಟ್ಟರು. ಆಮೇಲೆ ಮೇನ್ ಆಫ್ ಮಾಡಿ, ಸ್ವಿಚ್ಚುಗಳ ಸಾಲಿನ ಎರಡೂ ತುದಿಯ ತಂತಿ ಬಿಚ್ಚಿ ಒಟ್ಟಿಗೆ ಸುತ್ತಿ ಟೇಪ್ ಹಾಕಿದರು. ಕೆಲಸಕ್ಕೆ ಸೇರಿದಂದಿನಿಂದ ಮಾಡದ ಕೆಲಸ ಅದು; ತಲೆ ಎತ್ತಿ ನಮ್ಮ ಮುಖ ನೋಡಲಿಲ್ಲ. ಮೇನ್ ಹಾಕಿದಾಗ ಪಂಪು ಗುಂಯ್ ಎಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇಟ್ಟಿಗೆಯ ಮೇಲೆಯೇ ಕುಸಿದು ಕೂತ ಅಕ್ಕ ಗಾಜನ್ನೊಮ್ಮೆ ನೋಡಿ, "ಇನ್ಸ್‌ಪೆಕ್ಟರ್ ಎಲ್ಲಿ?" ಎಂದಳು.

ಇನ್ಸ್‌ಪೆಕ್ಟರ್ ಪೈಪಿನಲ್ಲಿ ಜಾರಿ ಕೆಳತೊಟ್ಟಿಗೆ ಬಂದು, ತೇಲುವ ಸ್ವಿಚ್ಚಿನ ನೆತ್ತಿಯ ಮೇಲೆ ಆರಾಮಾಗಿ ಕೂತಿತ್ತು. ಅದರ ಭಾರಕ್ಕೆ ಸ್ವಿಚ್ಚು ಕೆಳಗಿಳಿದು, ನೀರೇ ಇಲ್ಲವೆಂದು ತಿಳಿದು ಎಲ್ಲವನ್ನೂ ನಿಲ್ಲಿಸಿತ್ತು.

"ನಮ್ಮಲ್ಲೂ ಹೀಗೇನೇ," ಎಂದರು ಭಾವ. "ಇನ್ಸ್‌ಪೆಕ್ಟರ್ ಬಂದ್ರೆ ಲಿಫ್ಟ್ ಬಂದ್." ಯಾರಿಗೂ ನಗುವ ತ್ರಾಣವಿರಲಿಲ್ಲ.

ಭಾವ ವೈರಿಂಗ್ ಎಲ್ಲ ಬಿಚ್ಚಿ ಬೇರೆ ಮಾಡಿದರು. ಕೆಳಗಿನ ಪಂಪು ನಿಂತರೂ ಈಗ ಮೇಲಿನ ತೊಟ್ಟಿಯಲ್ಲಿ ನೀರು ಕದಡುವ ಪುಟ್ಟ ಫ್ಯಾನು ನಿಲ್ಲುವುದಿಲ್ಲ, ಜೊತೆಗೆ ಗಂಟೆ ಹೊಡೆಯುತ್ತದೆ. ಗಂಟೆ ಎಲ್ಲಿದೆಯೆಂದು ಬೇರೆ ಹೇಳಬೇಕಿಲ್ಲ. ನನ್ನ ದಿಂಬಿಗೆ ನೇರವಾಗಿ.

ಮೀನುಗಳು ಉಳಿದವು. ನೇರಳೆ ಹವಳ ಉಳಿಯಲಿಲ್ಲ. ದಿನದಿನಕ್ಕೆ ಕರಗಿ ಬಂಡೆಯ ಮೇಲೆ ಬೂದು ಕಲೆಯಾಯಿತು. ಭಾವ ಒಂದು ಸಂಜೆ ತಾವಾಗಿಯೇ ಅಕ್ಕನನ್ನು ಕರೆದು ಅದನ್ನು ತೋರಿಸಿದರು. "ಹೋಯ್ತು ಕಣೆ. ನೀನು ಹೇಳಿದ್ದೆ," ಎಂದರು.

ಅಕ್ಕ ಬಗ್ಗಿ ನೋಡಿದಳು. "ಅದು ಬಂದಾಗಿಂದ ಹಾಗೇ ಇತ್ತಲ್ರೀ," ಎಂದಳು.

"ಇಲ್ಲ ಕಣೆ, ನೇರಳೆ..."

"ಹಾಗೇ ಇತ್ತು ಅಂದ್ನಲ್ಲ. ಕೂತ್ಕೊಳ್ಳಿ ಸುಮ್ನೆ." ಅವಳು ಅಡುಗೆಮನೆಗೆ ಹೋದಳು. ಇಟ್ಟಿಗೆಗಳು ಬಾಲ್ಕನಿಗೆ ವಾಪಸ್ ಹೋಗಲೇ ಇಲ್ಲ. ಗಾಜು ಒರೆಸಲು ಅವಳಿಗೆ ಮೆಟ್ಟಿಲಾಗಿ ನನ್ನ ಕೋಣೆಯಲ್ಲೇ ಬಿದ್ದಿವೆ, ಕತ್ತಲಲ್ಲಿ ಎದ್ದರೆ ನನ್ನ ಹೆಬ್ಬೆರಳು ಅವನ್ನು ತಪ್ಪದೆ ಹುಡುಕಿಕೊಳ್ಳುತ್ತದೆ.

ಭಾವ ಕೂತರು, ಬೂಟು ಬಿಚ್ಚದೆ, ಸಾಮಾನಿನ ಚೀಲದ ಮೇಲೆಯೇ. ಫೋನು ಬಡಿದುಕೊಂಡಿತು. ಅವರು ಎತ್ತಲಿಲ್ಲ. ನೋಡಿದರೆ, ನಿದ್ದೆ ಹತ್ತಿ ತಲೆ ಗೋಡೆಗೆ ಒರಗಿತ್ತು, ಬಾಯಿ ತುಸು ತೆರೆದಿತ್ತು, ಮುಖದ ಮೇಲೆ ತೊಟ್ಟಿಯ ನೀಲಿ ಬೆಳಕು ಅಲುಗಾಡುತ್ತಿತ್ತು. ನಾನೇ ಫೋನೆತ್ತಿ ಹೊರಗೆ ಹೋಗಿ, ಎಲ್ಲೋ ಸಿಕ್ಕಿಹಾಕಿಕೊಂಡಿದ್ದ ಮನುಷ್ಯನಿಗೆ, "ನಿಮ್ಮ ತೊಂದರೆ ಅರ್ಥ ಆಯ್ತು ಸರ್. ಇನ್ನೊಬ್ಬ ಮೆಕ್ಯಾನಿಕ್ ನಂಬರ್ ಕೊಡ್ತೀನಿ, ಬರ್ಕೊಳ್ಳಿ," ಎಂದೆ.